ಇನ್ನೂರ ಇಪ್ಪತ್ತೈದು ಫ್ರೇಮ್

ತುಟಿಗೂ ದನಿಗೂ ಗಂಟು ಹಾಕುವುದು ನನ್ನ ಹೊಟ್ಟೆಪಾಡಾಗಿತ್ತು. ಮಗ್ಗದಕೊಪ್ಪದ ‘ಬಯಲುದನಿ’ ವಾಹಿನಿಯ ಕಂಟ್ರೋಲ್ ರೂಮಿನಲ್ಲಿ ಹದಿನೇಳು ವರ್ಷ ಅದನ್ನೇ ಮಾಡಿದ್ದೇನೆ. ಟಿ.ವಿ.ಯೊಳಗಿನ ಮನುಷ್ಯ ಬಾಯಿ ಮುಚ್ಚಿದ ಮೇಲೆ ಅವನ ಮಾತು ಕೇಳಿಸಿದರೆ ನೀವು ರಿಮೋಟ್ ಕುಕ್ಕಿ ಬಯ್ಯುತ್ತೀರಲ್ಲ, ಆ ಬಯ್ಗುಳ ಸೇರುತ್ತಿದ್ದ ವಿಳಾಸ ನನ್ನದು. ಎಲ್ಲ ಸರಿಯಿದ್ದ ದಿನ ನನ್ನ ಹೆಸರು ಯಾರಿಗೂ ನೆನಪಾಗುತ್ತಿರಲಿಲ್ಲ. ಹೆಸರು ಸುಲೋಚನಾ ಹಂಚಿನಮನಿ. ಈಗ ಹೇಳಹೊರಟಿರುವುದು ನನ್ನ ಮರ್ಯಾದೆ ಹೆಚ್ಚಿಸುವ ಸಂಗತಿಯಲ್ಲ. ಹೇಳದೆ ಇರೋಣವೆಂದರೆ ಊರಿಗೆಲ್ಲ ಗೊತ್ತಾಗಿಹೋಗಿದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು.

ನಮ್ಮ ಸ್ಟುಡಿಯೋದಲ್ಲಿ ಒಂದು ತಾಯಿ ಗಡಿಯಾರ ಇದೆ. ಕ್ಯಾಮೆರಾ, ಮೈಕು, ಮಿಕ್ಸರ್ ಎಲ್ಲವೂ ಅದರ ಮಾತು ಕೇಳಬೇಕು. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಒಂದೊಂದು ಚಿತ್ರಕ್ಕೆ ನಾವು ಫ್ರೇಮ್ ಎನ್ನುತ್ತೇವೆ. ಗಡಿಯಾರ ತಾಳ ಹಾಕಿದಾಗ ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಕಣ್ಣು ಬಿಡಬೇಕು, ಎಲ್ಲ ಮೈಕುಗಳೂ ಒಟ್ಟಿಗೆ ಕಿವಿ ತೆರೆಯಬೇಕು. ಊಟದ ಪಂಕ್ತಿಯ ಹಾಗೆ, ಒಬ್ಬರು ಮುಂಚೆ ಎದ್ದರೂ ತಪ್ಪು, ಒಬ್ಬರು ತಡವಾಗಿ ಕೂತರೂ ತಪ್ಪು. ದನಿ ತುಟಿಗಿಂತ ನಾಲ್ಕು ಫ್ರೇಮ್ ಹಿಂದೆ ಬಿದ್ದರೆ ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ಮಾತಾಡುವವನ ಮೇಲಿನ ನಂಬಿಕೆ ಸಡಿಲಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ನಾನು ಮೊದಲು ಮಾಡುತ್ತಿದ್ದ ಪಾಠ ಇದು.

ನನ್ನ ಗಂಡ ಚನ್ನವೀರ ನನಗೆ ಸಿಕ್ಕಿದ್ದೂ ಇಂಥದೇ ಒಂದು ಹುಡುಕಾಟದಲ್ಲಿ. ಅವರು ಊರಿನ ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುವವರು. ತುದಿಗೆ ಬಟ್ಟಲಿನಂಥ ಕಿವಿಯಿರುವ ಕಬ್ಬಿಣದ ಸಲಾಕೆಯನ್ನು ರಸ್ತೆಗೆ ಊರಿ, ಕಣ್ಣು ಮುಚ್ಚಿ ಕೇಳುತ್ತಾರೆ. ನೆಲದಡಿ ನಾಲ್ಕು ಅಡಿ ಆಳದಲ್ಲಿ ಪೈಪು ಎಲ್ಲಿ ಬಿರಿದಿದೆ, ಒಳಗಿನ ನೀರು ಹೊರಗೆ ಹೋಗುತ್ತಿದೆಯೋ ಹೊರಗಿನ ಕೊಳೆ ಒಳಗೆ ಬರುತ್ತಿದೆಯೋ ಎನ್ನುವುದನ್ನು ಸದ್ದಿನಲ್ಲೇ ಹೇಳುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ಅವರ ಸಂದರ್ಶನ ಮಾಡಲು ಕರೆಸಿದ್ದರು. ಮೈಕು ಪರೀಕ್ಷೆ ಮಾಡುವಾಗ ನೋಡುತ್ತೇನೆ, ತುಟಿ ಅಲುಗುತ್ತಿದೆ, ದನಿ ಬರುತ್ತಿಲ್ಲ. ಮೂರು ಸೆಕೆಂಡು ಬಿಟ್ಟು ಬಂತು. ನಾನು ಕೇಬಲ್ ಬದಲಾಯಿಸಿದೆ. ಮತ್ತೆ ಅದೇ. ಮೈಕು ಬದಲಾಯಿಸಿದೆ, ತಾಯಿ ಗಡಿಯಾರದ ತನಕ ಹೋಗಿ ತಂತಿಗಳನ್ನೆಲ್ಲ ಅಲುಗಾಡಿಸಿ ಬಂದೆ. ಇಪ್ಪತ್ತು ನಿಮಿಷ ಬೆವರು ಸುರಿಸಿದ ಮೇಲೆ ಆ ಮನುಷ್ಯ ನಗುತ್ತ, ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿಟ್ಟು ಹೇಳಿದರು.

“ಕೇಬಲ್ ಅಲ್ರಿ ಮೇಡಂ. ತಡ ಆಗೂದು ನಾ.”

ಅವರಿಗೆ ಉಗ್ಗು ಇತ್ತು. ಶಬ್ದ ಪ, ಬ, ಮದಿಂದ ಶುರುವಾದರೆ ತುಟಿ ಕೂಡಿಬಿಡುತ್ತಿದ್ದವು, ಒಳಗಿನ ಮಾತು ಬಾಗಿಲು ಬಡಿಯುತ್ತ ನಿಲ್ಲುತ್ತಿತ್ತು. ನಾನು ನಾಚಿ ಕ್ಷಮೆ ಕೇಳಿದೆ. ಅವರು ಇನ್ನಷ್ಟು ನಕ್ಕರು. ಎಂಟು ತಿಂಗಳಿಗೆ ಮದುವೆಯಾಯಿತು.

ಮದುವೆಯಾದ ಹೊಸದರಲ್ಲಿ ಅವರ ಮಾತು ಬರುವ ತನಕ ನಾನು ಕಾಯುತ್ತಿದ್ದೆ. ಆಮೇಲೆ ಕಾಯುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಸಂತೆಯಲ್ಲಿ ಅವರು ‘ಬ’ ಎಂದು ತುಟಿ ಬಿಗಿದು ನಿಂತರೆ, ಕಾಯಿಪಲ್ಯದವಳು ನನ್ನ ಮುಖ ನೋಡುತ್ತಿದ್ದಳು. ನಾನು “ಬದನಿಕಾಯಿ, ಅರ್ಧ ಕಿಲೋ” ಎಂದು ಮುಗಿಸುತ್ತಿದ್ದೆ. ನೆಂಟರ ಮನೆಯಲ್ಲಿ ಅವರ ಅರ್ಧ ಮಾತಿಗೆ ನನ್ನ ಅರ್ಧ ಸೇರುತ್ತಿತ್ತು. ಜನ, ಎಷ್ಟು ಹೊಂದಿಕೊಂಡು ಹೋಗುತ್ತೀರಿ ಎಂದು ಹೊಗಳುತ್ತಿದ್ದರು. ನಿಜ ಹೇಳಬೇಕೆಂದರೆ ಅದು ಹೊಂದಾಣಿಕೆಯಲ್ಲ, ನಾಚಿಕೆ. ಅವರು ಬಾಯಿ ತೆರೆದು ನಿಂತಾಗ ಸುತ್ತಲಿನವರ ಕಣ್ಣು ಸಹಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಸಹಿಸುತ್ತಿದ್ದರು. ನನಗೆ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಾನೊಂದು ಯಂತ್ರ ಕಟ್ಟಿದೆ. ಆಗ ನಿರೂಪಕರೆಲ್ಲ ಬೇರೆ ಬೇರೆ ಊರಿನಲ್ಲಿ ಕೂತು ಮಾತಾಡುವ ಕಾಲ ಬಂದಿತ್ತು. ಚಿತ್ರ ಒಂದು ದಾರಿಯಲ್ಲಿ ಬರುತ್ತದೆ, ದನಿ ಇನ್ನೊಂದು ದಾರಿಯಲ್ಲಿ. ಒಂದು ಬಂದಾಗ ಇನ್ನೊಂದು ಬಂದಿರುವುದಿಲ್ಲ. ನನ್ನ ಯಂತ್ರ ಎರಡನ್ನೂ ಎಂಟು ಸೆಕೆಂಡು ಹಿಡಿದಿಟ್ಟುಕೊಳ್ಳುತ್ತದೆ. ತುಟಿಯ ಆಕಾರ ನೋಡಿ ಅದಕ್ಕೆ ಯಾವ ದನಿ ಸೇರಬೇಕೆಂದು ಊಹಿಸುತ್ತದೆ, ಆ ದನಿಯನ್ನು ಹುಡುಕಿ ತಂದು ಕೂರಿಸುತ್ತದೆ. ನಡುವೆ ತೆರಪು ಉಳಿದರೆ ಮುಖವನ್ನು ತಾನೇ ಬಿಡಿಸಿ ತುಂಬುತ್ತದೆ. ಎಂಟು ಸೆಕೆಂಡಾದರೂ, ಎಂದರೆ ಇನ್ನೂರು ಫ್ರೇಮ್ ಆದರೂ ದನಿ ಬರದಿದ್ದರೆ, ತಂತಿ ಕಡಿದಿದೆ ಎಂದು ತಿಳಿದು ಆ ತುಣುಕನ್ನು ಎಸೆಯುತ್ತದೆ. ಮಾತಾಡುವವನು ಮುಂದಿನ ಉಸಿರು ಎಳೆದುಕೊಳ್ಳುವ ಜಾಗದಿಂದ ಮತ್ತೆ ಹೊಲಿಗೆ ಹಾಕುತ್ತದೆ. ಆ ಇನ್ನೂರರ ನಿಯಮ ಬರೆದವಳು ನಾನೇ.

ಯಂತ್ರಕ್ಕೆ ತುಟಿ ಓದುವುದನ್ನು ಕಲಿಸಿದವರು ನನ್ನ ಅತ್ತೆ ನೀಲವ್ವ. ಮೂವತ್ತೆರಡು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ಎರಡೂ ಕಿವಿ ಕಳೆದುಕೊಂಡವರು. ಆ ಸದ್ದಿನೊಳಗೆ ಹೆಂಗಸರೆಲ್ಲ ತುಟಿ ನೋಡಿಯೇ ಹರಟೆ ಹೊಡೆಯುತ್ತಿದ್ದರಂತೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದಲ್ಲ, ಹೇಗೆ ಗುರುತಿಸುತ್ತೀರಿ ಎಂದು ಕೇಳಿದ್ದೆ. ಕೆನ್ನಿ ನೋಡತೀನಿ ಅಂದರು. ಆರು ತಿಂಗಳು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಯಂತ್ರಕ್ಕೆ ಅವರ ಕಸುಬಿನ ನೆನಪಿಗೆ ‘ಲಾಳಿ’ ಎಂದು ಹೆಸರಿಟ್ಟೆ. ಮಗ್ಗದಲ್ಲಿ ಆಚೆಯಿಂದೀಚೆಗೆ ಓಡಾಡಿ ಎಳೆ ಕೂಡಿಸುವುದು ಲಾಳಿ. ಹೆಸರು ಎಲ್ಲರಿಗೂ ಹಿಡಿಸಿತು.

ಒಂದು ಮಾತು ಇಲ್ಲಿ ಸ್ಪಷ್ಟ ಮಾಡಬೇಕು. ಲಾಳಿ ಬೇಕಾದದ್ದು ದೂರದ ಊರಿನಿಂದ ಬರುವ ಚಿತ್ರಕ್ಕೆ. ನಮ್ಮದೇ ಸ್ಟುಡಿಯೋದಲ್ಲಿ ಕೂತವರ ಚಿತ್ರ, ದನಿ ಎರಡೂ ಒಂದೇ ಗಡಿಯಾರದ ಮಕ್ಕಳು. ಅವಕ್ಕೆ ಅದರ ಹಂಗಿಲ್ಲ. ಈ ಕಸುಬಿನಲ್ಲಿ ಎರಡು ದಿನ ಕಳೆದವರಿಗೂ ಇದು ಗೊತ್ತು.

ಆ ಮಂಗಳವಾರ ಬೆಳಿಗ್ಗೆ ಚನ್ನವೀರ ಸ್ಟುಡಿಯೋಗೆ ಬಂದರು. ಹಿಂದಿನ ದಿನವೆಲ್ಲ ಸಲಾಕೆ ಊರಿ ಕೇಳಿ, ಮೂರು ಓಣಿಗಳ ಪೈಪಿನೊಳಗೆ ಚರಂಡಿ ನೀರು ಸೇರುತ್ತಿದೆ ಎಂದು ಪತ್ತೆ ಮಾಡಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಆ ಓಣಿಗಳಿಗೆ ನೀರು ಬಿಡುವ ಸರದಿ. ವಾಲ್ವು ಕೆಟ್ಟಿದ್ದರಿಂದ ನಿಲ್ಲಿಸುವಂತಿರಲಿಲ್ಲ. ಆದ್ದರಿಂದ ಹತ್ತು ಗಂಟೆಯ ನೇರ ಪ್ರಸಾರದಲ್ಲಿ ಎರಡು ನಿಮಿಷ ಜನರನ್ನು ಎಚ್ಚರಿಸಬೇಕು, ಅದೇ ತುಣುಕನ್ನು ಊರಿನ ಎಲ್ಲರ ಫೋನಿಗೂ ಕಳಿಸಬೇಕು ಎಂದು ಕಚೇರಿಯವರು ಗೊತ್ತುಮಾಡಿದ್ದರು. ಬರೆದುಕೊಟ್ಟರೆ ಬೇರೆಯವರು ಓದುತ್ತಾರೆ ಎಂದು ನಾನು ಹಿಂದಿನ ಸಂಜೆ ಹೇಳಿ ನೋಡಿದೆ. ಸದ್ದು ಕೇಳಿದವನು ನಾನು, ನಾನೇ ಹೇಳಬೇಕು ಅಂದರು. ಅತ್ತೆ ಕೂಡ ಹೊರಟರು, ಮಗ ಟಿ.ವಿ.ಯಲ್ಲಿ ಮಾತಾಡುವುದನ್ನು ಎದುರಿಗೇ ನೋಡಬೇಕೆಂದು.

ನಮ್ಮ ಸ್ಟುಡಿಯೋದಲ್ಲಿ ಈಗ ಕ್ಯಾಮೆರಾ ಹಿಡಿಯುವವರಿಲ್ಲ, ಅವು ತಾವೇ ತಿರುಗುತ್ತವೆ. ಕಂಟ್ರೋಲ್ ರೂಮಿಗೂ ಸ್ಟುಡಿಯೋಗೂ ನಡುವೆ ಗೋಡೆ. ಒಳಗೆ ಇದ್ದವರು ಚನ್ನವೀರ, ಮತ್ತು ಕ್ಯಾಮೆರಾದ ಪಕ್ಕದ ಕುರ್ಚಿಯಲ್ಲಿ ಅತ್ತೆ. ಈಚೆ ಕಂಟ್ರೋಲ್ ರೂಮಿನಲ್ಲಿ ನಾನು, ನಿರ್ಮಾಪಕ ಜಹಾಗೀರದಾರ ಸರ್, ಇನ್ನಿಬ್ಬರು. ಹತ್ತಕ್ಕೆ ಎರಡು ನಿಮಿಷ ಇರುವಾಗ ನಾನು ಯಾರನ್ನೂ ಕೇಳದೆ, ಗಂಡನಿಗೂ ಹೇಳದೆ, ಅವರ ಕ್ಯಾಮೆರಾವನ್ನೂ ಮೈಕನ್ನೂ ಲಾಳಿಗೆ ಜೋಡಿಸಿದೆ. ಒಂದು ಗುಂಡಿ ಒತ್ತುವ ಕೆಲಸ. ಲಾಳಿಗೇನು ಗೊತ್ತು? ಮುಚ್ಚಿದ ತುಟಿ, ಬಾರದ ದನಿ ಕಂಡರೆ ಅದು ತಂತಿಯ ತಪ್ಪೆಂದೇ ತಿಳಿದು ಸರಿ ಮಾಡುತ್ತದೆ. ನಾನು ನನ್ನೆದುರಿನ ಚಿಕ್ಕ ಪರದೆಯನ್ನು ಆರಿಸಿದೆ, ಹೆಡ್‌ಫೋನಿನ ದನಿ ತಗ್ಗಿಸಿದೆ. ಲಾಳಿಗೆ ಹೋಗುವ ಮುಂಚಿನ ಹಸಿ ಚಿತ್ರ, ದನಿ ಬರುವುದು ಅವೆರಡರಲ್ಲಿ. ಅವರು ಒದ್ದಾಡುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ.

ದೊಡ್ಡ ಪರದೆಯ ಮೇಲೆ ನನ್ನ ಗಂಡ ಮಾತಾಡಿದರು. ನೀರು ಹರಿದ ಹಾಗೆ ಮಾತಾಡಿದರು. ಒಂದು ತಡೆಯಿಲ್ಲ, ಒಂದು ತೊಡರಿಲ್ಲ. ಜಹಾಗೀರದಾರ ಸರ್ ನನ್ನ ಕಡೆ ತಿರುಗಿ, “ನಿಮ್ಮ ಯಜಮಾನ್ರು ಎಷ್ಟ ಚಂದ ಮಾತಾಡ್ತಾರ್ರಿ. ನಾ ಏನೋ ಅನ್ಕೊಂಡಿದ್ದೆ” ಅಂದರು. ನನ್ನ ಮೈಯೆಲ್ಲ ಹೂವಾಯಿತು. ಹದಿಮೂರು ವರ್ಷದ ಸಂಸಾರದಲ್ಲಿ ನಾನು ಗಂಡನ ಬಗ್ಗೆ ಅಷ್ಟು ಹೆಮ್ಮೆಪಟ್ಟಿದ್ದು ಅದೇ ಮೊದಲು, ಮತ್ತು ಅದು ನನ್ನ ಗಂಡನಲ್ಲ. ಅದೇ ಹೊತ್ತಿಗೆ ಲಾಳಿಯ ಮೇಲಿನ ಹಳದಿ ದೀಪ ಮಿನುಗಿತು. ಒಂದು ತುಣುಕು ಎಸೆದಿದ್ದೇನೆ ಎಂದು ಅದರ ಅರ್ಥ. ನಾನು ನೋಡಿದೆ. ನೋಡಿ, ಒಂದು ಗುಂಡಿ ಒತ್ತಿ ದೀಪ ಆರಿಸಿದೆ.

ಮನೆಗೆ ಬಂದ ಮೇಲೆ ಫೋನು ನಿಲ್ಲಲಿಲ್ಲ. ಹತ್ತು ವರ್ಷ ಮಾತಾಡದಿದ್ದ ಅವರ ಚಿಕ್ಕಪ್ಪ ಕೂಡ ಕರೆ ಮಾಡಿ, ಯಾವ ದೇವರಿಗೆ ಹರಕೆ ಹೊತ್ತಿದ್ದೆ ಎಂದು ಕೇಳಿದರು. ಚನ್ನವೀರ ಉತ್ತರಿಸಲು ಬಾಯಿ ತೆರೆದರೆ ಮತ್ತದೇ ಉಗ್ಗು. ಆ ಕಡೆಯವರು ತಮಾಷೆ ಮಾಡುತ್ತಿದ್ದಾನೆಂದು ನಕ್ಕರು. ಅವರು ಫೋನು ಇಟ್ಟು, ಕಳಿಸಿದ ತುಣುಕನ್ನು ತೆರೆದು ಎರಡು ಸಲ ನೋಡಿದರು. ಇದು ನಾನೇ ಏನು ಎಂದು ಕೇಳಿದರು. ಬೆಳಕು, ಕ್ಯಾಮೆರಾ, ಧೈರ್ಯ ಅಂತ ನಾನು ಏನೇನೋ ಹೇಳಿದೆ. ಅತ್ತೆ ಕನ್ನಡಕ ಏರಿಸಿ ಪರದೆಯ ಹತ್ತಿರ ಮುಖ ತಂದು ನೋಡಿ, ಇವು ನನ್ನ ಮಗನ ತುಟಿ ಅಲ್ಲ ಎಂದರು. ನಾನು ನಕ್ಕು ಒಳಗೆ ಹೋದೆ, ಬದನೆಕಾಯಿ ಎಣ್ಣೆಗಾಯಿ ಮಾಡಲು.

ಗುರುವಾರ ಸುದ್ದಿ ಬಂತು. ಬಳಿಗಾರ ಓಣಿಯಲ್ಲಿ ಮೂವತ್ತನಾಲ್ಕು ಜನಕ್ಕೆ ವಾಂತಿ ಭೇದಿ. ಕುಂಬಾರ ಓಣಿಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ, ಗಾಣಿಗೇರ ಓಣಿಯಲ್ಲೂ ಇಲ್ಲ. ಅವೆರಡು ಓಣಿಯವರು ಎಚ್ಚರಿಕೆ ಕೇಳಿ ನೀರನ್ನು ಚೆಲ್ಲಿದ್ದರು. ಕಂಟ್ರೋಲ್ ರೂಮಿನಲ್ಲಿ ಆ ಸುದ್ದಿಯ ತುಟಿ ದನಿ ಹೊಂದಿಸಿ ಕಳಿಸಿದವಳೂ ನಾನೇ. ಆರಿಸಿದ ಹಳದಿ ದೀಪ ನೆನಪಾಯಿತು. ಆದರೂ ನಾನು ಎದ್ದು ಹೋಗಿ ಲಾಳಿ ಮುಟ್ಟದ ಹಸಿ ದಾಖಲೆ ತೆಗೆದು ಕೇಳಲಿಲ್ಲ. ಕೇಳದಿದ್ದರೆ ಗೊತ್ತಿಲ್ಲದವಳಾಗಿಯೇ ಉಳಿಯಬಹುದಲ್ಲ.

ಶುಕ್ರವಾರ ಬೆಳಿಗ್ಗೆ ಮಾಲನಬಿ ಮನೆಗೆ ಬಂದಳು. ಬಳಿಗಾರ ಓಣಿಯಲ್ಲಿ ಬಳೆ ಅಂಗಡಿ ಅವಳದು. ನನ್ನ ಮದುವೆಯ ಬಳೆ ಅವಳ ಕೈಯಿಂದಲೇ ತೊಟ್ಟಿದ್ದೆ. ಅವಳ ಅಪ್ಪನಿಗೆ ಎರಡು ದಿನದಿಂದ ಸಲಾಯಿನ್ ಹಚ್ಚಿದ್ದರು. ಜಗಳಕ್ಕೆ ಬಂದಿರಲಿಲ್ಲ. ಹೊಸ್ತಿಲ ಹೊರಗೇ ನಿಂತು ಚನ್ನವೀರರನ್ನು ಕೇಳಿದಳು.

“ಕುಂಬಾರ ಓಣಿ ಅಂದ್ರಿ, ಗಾಣಿಗೇರ ಓಣಿ ಅಂದ್ರಿ. ನಮ್ಮ ಓಣಿ ಹೆಸರ ನಿಮ್ಮ ಬಾಯಾಗ ಬರಲಿಲ್ಲೇನ ಅಣ್ಣಾ? ನಾವು ಲೆಕ್ಕದಾಗ ಇಲ್ಲೇನು?”

ಅವರು ಫೋನು ತೆಗೆದು ಆ ತುಣುಕನ್ನು ಮತ್ತೆ ಹಾಕಿದರು. ಎರಡು ಓಣಿಯ ಹೆಸರು ಸ್ಪಷ್ಟವಾಗಿತ್ತು. ಮೂರನೆಯದು ಇರಲಿಲ್ಲ. ತೊಡರಿಲ್ಲದ ಆ ಮುಖ ನೇರವಾಗಿ ನಮ್ಮನ್ನೇ ನೋಡುತ್ತ ‘ಇಲ್ಲಿಯ ಜನ ಈ ನೀರು ಮುಟ್ಟಬಾರದು’ ಎಂದು ಮುಗಿಸಿತ್ತು. ಚನ್ನವೀರ ಕುರ್ಚಿಯ ಮೇಲೆ ಕೂತರು. ಹೇಳಿದ ಹಾಗೆ ನೆನಪು, ಆದರೆ ಹೇಳಿಲ್ಲವಲ್ಲ ಎಂದರು. ಆಮೇಲೆ ನಾನು ಎಂದೂ ಕೇಳಿರದ ಒಂದು ಸಂಗತಿ ಹೇಳಿದರು. ಸಣ್ಣವರಿದ್ದಾಗ ಶಾಲೆಯಲ್ಲಿ ಬರದ ಶಬ್ದ ಎದುರಾದರೆ ಅಂಜಿ ಅದನ್ನು ಹಾರಿಬಿಡುತ್ತಿದ್ದರಂತೆ. ಉತ್ತರ ಗೊತ್ತಿದ್ದರೂ ಗೊತ್ತಿಲ್ಲ ಎನ್ನುತ್ತಿದ್ದರಂತೆ. ದೊಡ್ಡವರಾದ ಮೇಲೆ ಪಣತೊಟ್ಟು ಆ ಚಾಳಿ ಬಿಟ್ಟಿದ್ದರು. ಎಷ್ಟು ಹೊತ್ತಾದರೂ ಸರಿ, ಹೇಳಬೇಕಾದ ಶಬ್ದವನ್ನೇ ಹೇಳುವುದು. ಈಗ ಕ್ಯಾಮೆರಾ ಕಂಡು ಹಳೇ ಚಾಳಿ ಮರುಕಳಿಸಿತೇನೋ ಎಂದು ಮಾಲನಬಿಯ ಕಡೆ ನೋಡಲಾರದೆ ನೆಲ ನೋಡಿದರು.

ಅತ್ತೆ ಎಲ್ಲರ ತುಟಿಯನ್ನೂ ಓದುತ್ತ ನಿಂತಿದ್ದರು. ಅವರು ಅಡ್ಡ ಬಂದರು.

“ಹೇಳ್ಯಾನ. ಬಳಿಗಾರ ಓಣಿ ಅಂತ ಹೇಳ್ಯಾನ. ನಾ ಎದುರಿಗೇ ಕುಂತ ನೋಡೇನಿ.”

ಎಲ್ಲರೂ ನನ್ನ ಮುಖ ನೋಡಿದರು. ಮಾತು ಮುಗಿಸುವವಳು ನಾನಲ್ಲವೇ. ನಾನು ಮುಗಿಸಿದೆ.

“ಅತ್ತಿ, ನಿಮಗ ಕೇಳಸೂದಿಲ್ಲ” ಅಂದೆ.

ಅತ್ತೆ ನನ್ನ ತುಟಿ ಓದಿದರು. ಇನ್ನೊಮ್ಮೆ ಹೇಳಲಿ ಎಂದು ಕಾಯುವವರ ಹಾಗೆ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಯಾರ ಕಣ್ಣಿನಿಂದ ನನ್ನ ಯಂತ್ರಕ್ಕೆ ಕಣ್ಣು ಬಂದಿತ್ತೋ ಆ ಕಣ್ಣನ್ನು ನಾನು ಸುಳ್ಳು ಮಾಡಿದ್ದೆ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುವ ಜಾಗ ಇದು. ಲಾಳಿಗೆ ಜೋಡಿಸಿದ್ದನ್ನು ಪೆದ್ದುತನ ಎನ್ನಬಹುದು. ಇದಕ್ಕೆ ಅಂಥ ಹೆಸರು ಸಿಗುವುದಿಲ್ಲ.

ಅಂದು ಮಧ್ಯಾಹ್ನ ಹಸಿ ದಾಖಲೆ ತೆಗೆದೆ. ಕುಂಬಾರ ಓಣಿ ಬಂತು. ಗಾಣಿಗೇರ ಓಣಿ ಬಂತು. ಆಮೇಲೆ ಅವರ ತುಟಿ ಕೂಡಿದವು. ಕೆನ್ನೆ ಬಿಗಿಯಿತು, ಕತ್ತಿನ ನರ ಎದ್ದಿತು, ಕಣ್ಣು ಮಾತ್ರ ಕ್ಯಾಮೆರಾ ಬಿಟ್ಟು ಕದಲಲಿಲ್ಲ. ನಾನು ಅಭ್ಯಾಸಬಲದಿಂದ ಫ್ರೇಮ್ ಎಣಿಸಿದೆ. ಐವತ್ತು. ನೂರು. ಇನ್ನೂರು. ಇಲ್ಲಿ ಲಾಳಿ ಎಸೆದಿತ್ತು. ಇನ್ನೂರ ಇಪ್ಪತ್ತೈದನೆಯ ಫ್ರೇಮಿಗೆ ತುಟಿ ಬಿಚ್ಚಿತು. “ಬಳಿಗಾರ ಓಣಿ” ಎಂದರು, ಗಟ್ಟಿಯಾಗಿ, ಒಂದಕ್ಷರ ಕಡಿಮೆ ಇಲ್ಲದೆ. ಒಂಬತ್ತು ಸೆಕೆಂಡು ತಮ್ಮ ಗಂಟಲ ಜೊತೆ ಗುದ್ದಾಡಿ ಗೆದ್ದು ತಂದ ಮಾತು. ಅದರಾಚೆಗೆ ಉಸಿರು ಎಳೆದುಕೊಂಡು ಮುಂದಿನ ಮಾತಿಗೆ ಹೋಗಿದ್ದರು. ಆ ಉಸಿರಿನಿಂದ ಮುಂದಕ್ಕೆ ಲಾಳಿ ನೀಟಾಗಿ ಹೊಲಿದಿತ್ತು.

ನಮ್ಮಲ್ಲಿ ಹಸಿ ದಾಖಲೆ ಏಳು ದಿನ ಇರುತ್ತದೆ, ಆಮೇಲೆ ತಾನಾಗಿ ಅಳಿಸಿಹೋಗುತ್ತದೆ. ಮಂಗಳವಾರ ಮಧ್ಯಾಹ್ನದ ತನಕ ನಾನು ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಶನಿವಾರ ಸುಮ್ಮನಿದ್ದೆ. ಭಾನುವಾರ ಮಧ್ಯಾಹ್ನದವರೆಗೂ ಸುಮ್ಮನಿದ್ದೆ. ಊಟವಾದ ಮೇಲೆ ಚನ್ನವೀರ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದರು. ಅವರ ಅಕ್ಷರ ದುಂಡು, ಬರೆಯುವಾಗ ಅವರಿಗೆ ತಡೆಯೇ ಇಲ್ಲ. ಬೆನ್ನ ಹಿಂದೆ ನಿಂತು ಓದಿದೆ. ಕಚೇರಿಗೆ ಕೊಡುವ ತಪ್ಪೊಪ್ಪಿಗೆ ಪತ್ರ. ‘ಮಾತು ಬರಲಾರದೆಂದು ಅಂಜಿ ಆ ಓಣಿಯ ಹೆಸರನ್ನು ನಾನೇ ಬಿಟ್ಟೆ. ಮೂವತ್ತನಾಲ್ಕು ಜನರ ಸಂಕಟಕ್ಕೆ ನನ್ನ ಹೇಡಿತನ ಕಾರಣ. ಯಾವ ಶಿಕ್ಷೆಗೂ ಸಿದ್ಧ.’ ಕೆಳಗೆ ಸಹಿ ಆಗಿತ್ತು.

ಜೀವನದಲ್ಲಿ ಒಂದೇ ಒಂದು ಸಲ ಅಂಜದೆ ಮಾತಾಡಿದವರಲ್ಲ, ದಿನವೂ ಅಂಜದೆ ಮಾತಾಡುತ್ತಿದ್ದ ಮನುಷ್ಯ ಅವರು. ಅವರ ಕೈಯಿಂದಲೇ ಹೇಡಿ ಎಂದು ಬರೆಸಿದ್ದೆ. ಪತ್ರ ಕಸಿದುಕೊಂಡೆ. ನಾಳೆ ಬೆಳಿಗ್ಗೆ ನನ್ನ ಜೊತೆ ಸ್ಟುಡಿಯೋಗೆ ಬನ್ನಿ, ಅಲ್ಲಿಯ ತನಕ ಇದನ್ನು ಕೊಡಬೇಡಿ ಎಂದು ಮಾತ್ರ ಹೇಳಲು ಸಾಧ್ಯವಾಯಿತು.

ಸೋಮವಾರ ಹಸಿ ದಾಖಲೆ ಹಾಕಿ ಅವರನ್ನು ಪರದೆಯ ಮುಂದೆ ಕೂರಿಸಿದೆ. ಲಾಳಿ, ಗುಂಡಿ, ಹಳದಿ ದೀಪ, ತಗ್ಗಿಸಿದ ಹೆಡ್‌ಫೋನು, ಶುಕ್ರವಾರವೇ ಕೇಳಿಯೂ ಮುಚ್ಚಿಟ್ಟಿದ್ದು, ಒಂದನ್ನೂ ಬಿಡದೆ ಹೇಳಿದೆ. ಅವರು ಒಂಬತ್ತು ಸೆಕೆಂಡನ್ನೂ ನೋಡಿದರು. ಓಣಿಯ ಹೆಸರು ಕೇಳಿದಾಗ ಒಮ್ಮೆ ಕಣ್ಣು ಮುಚ್ಚಿದರು, ಪೈಪಿನ ಸದ್ದು ಕೇಳುವಾಗ ಮುಚ್ಚುವ ಹಾಗೆ. ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ನನಗೆ ಒಳ್ಳೆಯದಿತ್ತು. ಅವರು ಮಾತಾಡಿದರು. ನಡುವೆ ನಾಲ್ಕು ಸಲ ಮಾತು ನಿಂತಿತು. ನಾನು ತುಟಿ ಕಚ್ಚಿಕೊಂಡು ಕೂತೆ.

“ಮೊದಲನೇ ದಿನ ನೀ ಕೇಬಲ್ ಬದಲಿ ಮಾಡಿದಿ. ಮೈಕ್ ಬದಲಿ ಮಾಡಿದಿ. ಅಲ್ಲಿತನಕಾ ಎಲ್ಲಾರೂ ನನ್ನ ಬಾಯಿ ನೋಡತಿದ್ದರು. ನೀ ಒಬ್ಬಾಕಿ ತಪ್ಪು ಮಷಿನ್‌ದಾಗ ಐತಿ ಅಂತ ಹುಡಕಿದಿ. ಅದಕ್ಕ ನಿನ್ನ ಲಗ್ನಾದೆ.”

ಇಷ್ಟೇ. ಎದ್ದು ಸಲಾಕೆ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದರು.

ಜಹಾಗೀರದಾರ ಸರ್‌ಗೆ ಹೇಳಿದೆ. ಮರುದಿನದ ಪ್ರಸಾರದಲ್ಲಿ ಹಸಿ ತುಣುಕು ತೋರಿಸಲು ಕೊನೆಗೂ ಒಪ್ಪಿದರು, ಕೆಳಗೆ ಪಟ್ಟಿಯಲ್ಲಿ ‘ತಾಂತ್ರಿಕ ದೋಷಕ್ಕೆ ವಿಷಾದಿಸುತ್ತೇವೆ’ ಎಂದು ಹಾಕೋಣ, ನಿಮ್ಮ ಹೆಸರೇಕೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹದಿನೇಳು ವರ್ಷದಲ್ಲಿ ಆ ಪಟ್ಟಿಯನ್ನು ನಾನೇ ಎಷ್ಟು ಸಲ ಹಾಕಿಲ್ಲ. ಈ ಸಲ ಅದರ ಹಿಂದೆ ಅವಿತುಕೊಳ್ಳಲು ಆಗಲಿಲ್ಲ. ಮಂಗಳವಾರ ಹತ್ತು ಗಂಟೆಗೆ, ಮೊದಲ ಸಲ, ಗೋಡೆಯ ಆ ಕಡೆ ಹೋಗಿ ಕ್ಯಾಮೆರಾದ ಮುಂದೆ ಕೂತೆ. ಲಾಳಿಯ ತಂತಿಯನ್ನು ನಾನೇ ಕಿತ್ತಿಟ್ಟು ಬಂದಿದ್ದೆ. ಇದು ಯಂತ್ರದ ತಪ್ಪಲ್ಲ, ಗಂಡನ ಉಗ್ಗಿಗೆ ನಾಚಿ ನಾನು ಮಾಡಿದ ಕೆಲಸ, ಅವರು ನಿಮ್ಮ ಓಣಿಯ ಹೆಸರು ಹೇಳಿದ್ದರು, ನಾನು ಅದನ್ನು ನಿಮಗೆ ತಲುಪಿಸಲಿಲ್ಲ ಎಂದು ಹೇಳಿದೆ. ಹೇಳುವಾಗ ನನ್ನ ಮಾತು ಐದು ಕಡೆ ನಿಂತಿತು. ಆಮೇಲೆ ಹಸಿ ತುಣುಕು ಹೋಯಿತು, ಒಂಬತ್ತು ಸೆಕೆಂಡಿನ ಮೌನ ಸಮೇತ.

ಮನೆಯಲ್ಲಿ ಅತ್ತೆ ಅದನ್ನು ಪಕ್ಕದ ಮನೆಯವರ ಜೊತೆ ಕೂತು ನೋಡಿದ್ದರು. ಪರದೆಯ ಮೇಲೆ ಮಗನ ತುಟಿ ಮುಚ್ಚಿ ಕೆನ್ನೆ ಬಿಗಿದದ್ದೇ ತಡ, ‘ಬಳಿಗಾರ ಓಣಿ’ ಎಂದರಂತೆ. ಉಳಿದವರಿಗೆ ಅದು ಕೇಳಿಸಿದ್ದು ಆಮೇಲೆ. ಪಕ್ಕದ ಮನೆಯಾಕೆ ಇದನ್ನು ನನಗೆ ಹೇಳಿದಳು. ಅತ್ತೆ ಹೇಳಲಿಲ್ಲ. ಕ್ಷಮಿಸಿರಿ ಎಂದು ನಾನು ಅವರ ಎದುರು ಕೂತು ತುಟಿ ಅಲುಗಿಸಿದೆ. ಅರ್ಥವಾಯಿತು ಎಂದು ತಲೆಯಾಡಿಸಿ ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಮಾಲನಬಿಯ ಅಪ್ಪ ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದರು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಇದರಲ್ಲಿ ನನ್ನ ಪುಣ್ಯವೇನೂ ಇಲ್ಲ. ನನ್ನನ್ನು ಕಂಟ್ರೋಲ್ ರೂಮಿನಿಂದ ಹಳೇ ದಾಖಲೆಗಳ ಕೋಣೆಗೆ ಹಾಕಿದ್ದಾರೆ. ಲಾಳಿ ಈಗ ಬೇರೆಯವರ ಕೈಯಲ್ಲಿದೆ; ಯಾರದೇ ಮಾತನ್ನು ಅದಕ್ಕೆ ಕೊಡುವ ಮುಂಚೆ ಅವರ ಒಪ್ಪಿಗೆ ಕೇಳಬೇಕೆಂದು ನಿಯಮ ಬಂದಿದೆ. ಚನ್ನವೀರ ಬಳಿಗಾರ ಓಣಿಗೆ ಹೋದರೆ ಜನ ಚಹಾ ಕೊಟ್ಟು, ಅವರ ಮಾತು ಬರುವ ತನಕ ಕಾಯುತ್ತಾರಂತೆ. ನಾನು ಹೋದರೆ ಮಾಲನಬಿ ಬಳೆ ತೋರಿಸುತ್ತಾಳೆ, ಮಾತಾಡುವುದಿಲ್ಲ.

ನಿನ್ನೆ ಸಂತೆಗೆ ಇಬ್ಬರೂ ಹೋಗಿದ್ದೆವು. ಆ ಪ್ರಸಾರವಾಗಿ ಕಳೆದ ಈ ಹನ್ನೊಂದು ತಿಂಗಳಲ್ಲಿ ಒಟ್ಟಿಗೆ ಹೋದದ್ದು ಇದೇ ಮೊದಲು. ಕಾಯಿಪಲ್ಯದವಳ ಮುಂದೆ ಅವರು ‘ಬ’ ಎಂದು ತುಟಿ ಬಿಗಿದು ನಿಂತರು. ಅವಳು ರೂಢಿಯಂತೆ ನನ್ನ ಮುಖ ನೋಡಿದಳು. ಬದನೆಕಾಯಿ ನನ್ನ ನಾಲಿಗೆಯ ತುದಿಗೇ ಬಂದಿತ್ತು. ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿದೆ. ಹಿಂದೆ ನಿಂತವರು ಅವಸರ ಮಾಡಿದರು. ನನ್ನ ಮನಸ್ಸು ಎಣಿಸುತ್ತಲೇ ಇತ್ತು, ನೂರು, ನೂರ ಐವತ್ತು. ನೂರ ಎಂಬತ್ತಕ್ಕೆ ಅವರ ಮಾತು ಬಂತು.

“ಬೆಂಡಿಕಾಯಿ, ಅರ್ಧ ಕಿಲೋ.”

ಹದಿಮೂರು ವರ್ಷ ನಾನು ಅವರಿಗೆ ವಾರ ವಾರವೂ ಬದನೆಕಾಯಿ ಮಾಡಿ ಬಡಿಸಿದ್ದೇನೆ. ಅವರು ಒಂದು ದಿನವೂ ಬೇಡ ಎಂದವರಲ್ಲ. ಬೇಡ ಎನ್ನುವುದೂ ‘ಬ’ದಿಂದಲೇ ಶುರುವಾಗುತ್ತದೆ, ಮತ್ತು ಅದು ಬರುವ ತನಕ ನಾನು ಕಾದವಳಲ್ಲ.